ಊರಿಗೆ ಬಂದವರ ಬಿಡಾರ

ಪರಸ್ಥಳಕ್ಕೆ ಹೋದವನಿಗೆ ರೈಲಿನಿಂದ ಇಳಿದ ಕೂಡಲೆ ಎರಡು ಪ್ರಶ್ನೆಗಳು ಎದುರಾಗುತ್ತವೆ. ಗಂಟುಮೂಟೆಯನ್ನು ಎಲ್ಲಿ ಇಳಿಸುವುದು? ಹೊಟ್ಟೆಗೆ ಎಲ್ಲಿ ಹಾಕಿಕೊಳ್ಳುವುದು? ಈಗಿನ ಪ್ರಯಾಣಿಕನು ಇವೆರಡನ್ನೂ ಮನೆಯಲ್ಲಿ ಕುಳಿತೇ ಬಗೆಹರಿಸಿಕೊಂಡು ಹೊರಡುವುದುಂಟು. ಪೇಟೆಯ ನಡುವೆ ಇಳಿದುಕೊಂಡರೆ ಕಚೇರಿ ಅಂಗಡಿಗಳಿಗೆ ಹತ್ತಿರ, ಆದರೆ ಗದ್ದಲ ಹೆಚ್ಚು. ಊರ ಹೊರಗಾದರೆ ನಿದ್ರೆ ಚೆನ್ನಾಗಿ ಬಂದೀತು, ಆದರೆ ಬಂಡಿಯ ಬಾಡಿಗೆಗೆ ತೆತ್ತು ತೀರದು. ಬೆಳಗಿನ ಕಾಫಿಗೆ ನಡೆದುಹೋಗುವಷ್ಟು ದೂರದಲ್ಲಿ ಒಳ್ಳೆಯ ಹೋಟಲು ಉಂಟೆ, ರಾತ್ರಿ ಹೊತ್ತು ಮೀರಿ ಬಂದರೆ ಊಟ ಸಿಕ್ಕೀತೆ, ಸ್ನಾನಕ್ಕೆ ಬಿಸಿನೀರಿನ ಅನುಕೂಲವೆಂತು, ಇವೇ ಮೊದಲಾದ ವಿಚಾರಣೆಗಳೆಲ್ಲ ವಿವೇಕದವೇ. ಆದರೆ ಇವುಗಳ ಹಿಂದೆ ಒಂದು ನಂಬಿಕೆ ಅಡಗಿದೆ. ದುಡ್ಡು ಕೊಡಬಲ್ಲವನಿಗೆ ಬಾಗಿಲು ತೆರೆಯುತ್ತದೆ, ಹಲವು ಬಾಗಿಲುಗಳಲ್ಲಿ ತನಗೆ ಬೇಕಾದುದನ್ನು ಅವನು ಆರಿಸಿಕೊಳ್ಳಬಹುದು ಎಂಬುದೇ ಆ ನಂಬಿಕೆ. ನಮ್ಮ ನಾಡಿನಲ್ಲಿ ಅದು ಬಹಳ ಹಳೆಯದಲ್ಲ. ಎಲ್ಲರಿಗೂ ಒಂದೇ ಕಾಲದಲ್ಲಿ ಬಂದದ್ದೂ ಅಲ್ಲ. ಬೆಂಗಳೂರಿನ ಪೇಟೆಯನ್ನು ಮುಖ್ಯವಾಗಿ ಮುಂದಿಟ್ಟುಕೊಂಡು, ಈ ಆಯ್ಕೆಯೆಂಬುದು ಹೇಗೆ ಬಂತು, ಯಾರಿಗೆ ಮೊದಲು ಬಂತು, ಯಾರಿಗೆ ತಡವಾಯಿತು ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ರೈಲು ಬರುವುದಕ್ಕೆ ಮುಂಚೆ ಪ್ರಯಾಣಿಕನಿಗೆ ಆಯ್ಕೆಯ ಗೋಜೇ ಇರಲಿಲ್ಲ. ಊರಿನಲ್ಲಿ ನೆಂಟರಿದ್ದರೆ ನೆಂಟರ ಮನೆ; ಇಲ್ಲವಾದರೆ ತನ್ನ ಜಾತಿಯವರ ಬೀದಿಯಲ್ಲಿ ಪರಿಚಯದವರ ಪರಿಚಯ ಹಿಡಿದು ಯಾರದಾದರೂ ಜಗಲಿ; ಅದೂ ಇಲ್ಲವಾದರೆ ಮಠ, ದೇವಸ್ಥಾನದ ಕೈಸಾಲೆ, ಅಥವಾ ಛತ್ರ. ಸತ್ರಗಳಿಗೂ ಅರವಟ್ಟಿಗೆಗಳಿಗೂ ಭೂಮಿ ಬಿಟ್ಟ ಸಂಗತಿ ನಮ್ಮ ಶಾಸನಗಳಲ್ಲಿ ಅನೇಕ ಕಡೆ ಬರುತ್ತದೆ. ದಾರಿಹೋಕನಿಗೆ ನೀರು ನೆರಳು ಕೊಡುವುದು ದೊಡ್ಡ ಪುಣ್ಯವೆಂದು ಬಗೆದ ಜನ ನಮ್ಮವರು. ಇದು ಹೆಮ್ಮೆಪಡತಕ್ಕ ವಿಷಯವೇ ಸರಿ. ಆದರೂ ಛತ್ರದ ಸ್ವಭಾವವನ್ನು ಸರಿಯಾಗಿ ಗ್ರಹಿಸಬೇಕು. ಛತ್ರವು ಕಟ್ಟಿಸಿದವನ ಪುಣ್ಯಕ್ಕಾಗಿ ಇದ್ದದ್ದು. ಇಳಿದುಕೊಂಡವನು ಆ ಪುಣ್ಯಕ್ಕೆ ಒಂದು ನಿಮಿತ್ತ. ಅವನು ಕಾಸು ಕೊಡುವುದಿಲ್ಲ. ಆದ್ದರಿಂದ ಕೇಳುವ ಹಕ್ಕೂ ಅವನಿಗಿಲ್ಲ. ಕೋಣೆಯಲ್ಲಿ ತಿಗಣೆಯಿದ್ದರೆ ಪಾರುಪತ್ಯಗಾರನ ಮುಂದೆ ದೂರು ಹೇಳುವುದುಂಟೆ? ಅನೇಕ ಛತ್ರಗಳಲ್ಲಿ ಮೂರು ದಿನಕ್ಕಿಂತ ಹೆಚ್ಚಾಗಿ ಇರಕೂಡದೆಂಬ ಪದ್ಧತಿಯಿತ್ತು. ಅಕ್ಕಿ ಬೇಳೆ ಪಾತ್ರೆಗಳನ್ನು ತಾನೇ ಹೊತ್ತು ತಂದು, ಸೌದೆ ಕೊಂಡು, ಮೂರು ಕಲ್ಲು ಹೂಡಿ ಅಡಿಗೆ ಮಾಡಿಕೊಳ್ಳಬೇಕಾಗಿತ್ತು. ಕೆಲವು ಕಡೆ ಊಟವೂ ಇರುತ್ತಿತ್ತು. ಆದರೆ ಅದು ಯಾರಿಗೆ ಎಂಬುದನ್ನು ದಾನಪತ್ರವೇ ಗೊತ್ತುಮಾಡಿರುತ್ತಿತ್ತು. ಒಳಗೆ ಯಾರು, ಜಗಲಿಯ ಮೇಲೆ ಯಾರು, ಅಂಗಳದ ಆಚೆ ಯಾರು ಎಂಬ ನಿರ್ಣಯವನ್ನು ಬಾಯಿಬಿಟ್ಟು ಹೇಳುವ ಅಗತ್ಯ ಕೂಡ ಇರಲಿಲ್ಲ; ಬಂದವನೇ ತನ್ನ ಸ್ಥಳವನ್ನು ಅರಿತು ಅಲ್ಲಿ ನಿಲ್ಲುತ್ತಿದ್ದನು.

ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಜೋಲಾರಪೇಟೆಯಿಂದ ದಂಡಿನವರೆಗೆ ಮೊದಲ ಹಳಿ ಬಿತ್ತು. 1882ರ ಹೊತ್ತಿಗೆ ಮೈಸೂರಿನವರೆಗೂ ದಾರಿ ಸಿದ್ಧವಾಗಿ, ಪೇಟೆಯ ಪಡುವಣ ಅಂಚಿನಲ್ಲಿ, ಧರ್ಮಾಂಬುಧಿ ಕೆರೆಯ ಎದುರಿಗೆ, ನಗರದ ಸ್ಟೇಷನ್ನಿಗೆ ಪ್ರಾಮುಖ್ಯ ಬಂತು. ಈಗ ಆ ಕೆರೆಯಿಲ್ಲ. ಅದರ ಜಾಗದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ. ಕೆಂಪೇಗೌಡನು 1537ರಲ್ಲಿ ಕಟ್ಟಿಸಿದ ಪೇಟೆಯು ಕಸಬಿಗೊಂದು ಬೀದಿಯಾಗಿ ಹಂಚಿಕೊಂಡಿದ್ದಿತು: ಅಕ್ಕಿಗೆ ಅಕ್ಕಿಪೇಟೆ, ಅರಳೆಗೆ ಅರಳೆಪೇಟೆ, ಬಳೆಗೆ ಬಳೇಪೇಟೆ, ದವಸಕ್ಕೆ ತರಗುಪೇಟೆ. ಅಂಥ ಊರಿನಲ್ಲಿ ಬಂದವನು ಯಾರ ಕೂಡ ವ್ಯಾಪಾರ ಮಾಡಬೇಕೋ ಅವರ ಅಂಗಡಿಯ ಹಿಂಭಾಗದಲ್ಲೇ ಮಲಗುವುದು ವಾಡಿಕೆ. ಆದರೆ ರೈಲು ತಂದ ಜನ ಬೇರೆ ತರದವರು. ವ್ಯಾಜ್ಯಕ್ಕಾಗಿ ನ್ಯಾಯಸ್ಥಾನಕ್ಕೆ ಬಂದವರು, ಪರೀಕ್ಷೆಗೆ ಕಟ್ಟಿದ ಹುಡುಗರು, ಕೆಲಸಕ್ಕೆ ಅರ್ಜಿ ಹಿಡಿದವರು, ರೋಗಿಯನ್ನು ಆಸ್ಪತ್ರೆಗೆ ಕರೆತಂದವರು. ಇವರಿಗೆ ಊರಿನಲ್ಲಿ ಗುರುತಿನವರಿಲ್ಲ. ರಾತ್ರಿ ಹತ್ತು ಗಂಟೆಯ ಗಾಡಿಯಿಂದ ಇಳಿದರೆ ದಿಕ್ಕು ತೋರದು.

ಈ ಕಷ್ಟವನ್ನು ಕಣ್ಣಿಟ್ಟು ನೋಡಿದ ಮಹನೀಯರಲ್ಲಿ ಗುಬ್ಬಿ ತೋಟದಪ್ಪನವರು ಮುಖ್ಯರು. 1838ರಲ್ಲಿ ಜನಿಸಿದ ಇವರು ಮಾಮೂಲುಪೇಟೆಯ ವರ್ತಕರು, ಮಕ್ಕಳಿಲ್ಲದವರು. ತಮ್ಮ ಸ್ವತ್ತನ್ನೆಲ್ಲ ಧರ್ಮಕ್ಕೆ ಬಿಡಲು ನಿಶ್ಚಯಿಸಿ, 1897ರಲ್ಲಿ ಸ್ಟೇಷನ್ನಿಗೆ ಸಮೀಪದಲ್ಲೇ ನಿವೇಶನವನ್ನು ಕೊಂಡು ಛತ್ರವನ್ನು ಕಟ್ಟಿಸತೊಡಗಿದರು. 1903ರಲ್ಲಿ ಶ್ರೀ ಕೃಷ್ಣರಾಜ ಒಡೆಯರವರು ಅದನ್ನು ತೆರೆದರು. ಅನಂತರ ಮಹಾರಾಜರಿಂದ ಅವರಿಗೆ 'ಧರ್ಮಪ್ರವರ್ತ' ಎಂಬ ಬಿರುದು ಬಂತು. 1910ರಲ್ಲಿ ಅವರು ತೀರಿಕೊಂಡರು. ಈ ಛತ್ರದಲ್ಲಿ ನನಗೆ ಗಮನಾರ್ಹವಾಗಿ ತೋರುವುದು ಅದರ ಸ್ಥಳ. ಹಿಂದಿನ ದಾನಿಗಳು ಛತ್ರವನ್ನು ದೇವಸ್ಥಾನದ ಬಳಿ, ಹೊಳೆಯ ದಡದಲ್ಲಿ, ಯಾತ್ರೆಯ ದಾರಿಯಲ್ಲಿ ಕಟ್ಟಿಸುತ್ತಿದ್ದರು. ತೋಟದಪ್ಪನವರು ರೈಲ್ವೆ ಸ್ಟೇಷನ್ನಿನ ಬಳಿ ಕಟ್ಟಿಸಿದರು. ಪುಣ್ಯವು ಗೋಪುರದ ನೆರಳನ್ನು ಬಿಟ್ಟು ಇಂಜಿನ್ನಿನ ಹೊಗೆಯ ಕೆಳಗೆ ಬಂದು ನಿಂತಿತೆಂದರೆ ತಪ್ಪಾಗಲಾರದು. ಯಾತ್ರಿಕನಲ್ಲದ ಬರಿಯ ಪ್ರಯಾಣಿಕನೂ ಆದರಕ್ಕೆ ಪಾತ್ರನೆಂಬುದನ್ನು ಒಬ್ಬ ವರ್ತಕನು ಹೀಗೆ ಕಲ್ಲುಗಾರೆಯಲ್ಲಿ ಬರೆದಿಟ್ಟನು. ಸ್ಟೇಷನ್ನಿಗೆ ಹತ್ತಿರವಾಗಿ ಇಳಿದುಕೊಳ್ಳಬೇಕೆಂಬ ಈಗಿನ ನಮ್ಮ ಹಂಬಲದ ಮೂಲವನ್ನು ಇಲ್ಲಿಯೇ ಕಾಣಬಹುದು.

ದಂಡಿನ ಕಡೆಯ ಕತೆ ಬೇರೆ, ಅದನ್ನು ವಿಸ್ತರಿಸಬೇಕಾದ್ದಿಲ್ಲ. 1809ರಲ್ಲಿ ದಂಡು ಏರ್ಪಟ್ಟಂದಿನಿಂದ ಅಲ್ಲಿಯ ದೊರೆಗಳಿಗೆ ಬಂಗಲೆ, ಕ್ಲಬ್ಬು ಇವುಗಳ ಬಳಕೆಯುಂಟಾಯಿತು. 1887ರಲ್ಲಿ ಬ್ರಾನ್ಸನ್ ಎಂಬ ಹೆಂಗಸು ಹತ್ತು ಕೋಣೆಗಳಲ್ಲಿ ನಡೆಸತೊಡಗಿದ ವಸತಿಗೃಹವೇ ಬೆಳೆದು ವೆಸ್ಟ್ ಎಂಡ್ ಹೋಟಲಾಯಿತು. ಮೈಸೂರಿನಲ್ಲಿ ಮಹಾರಾಜರ ಯೂರೋಪಿಯನ್ ಅತಿಥಿಗಳಿಗಾಗಿ ಮೆಟ್ರೊಪೋಲ್ ಎದ್ದದ್ದು 1920ರ ಸುಮಾರಿಗೆ. ಪೇಟೆಯ ಮನುಷ್ಯನು ಇವುಗಳ ಬೇಲಿಯನ್ನು ಹೊರಗಿನಿಂದ ನೋಡಿದ್ದನೇ ಹೊರತು ಒಳಗೆ ಹೋಗುವ ಮಾತಿರಲಿಲ್ಲ. ಒಂದೇ ಊರಿನಲ್ಲಿ ಎರಡು ಊರುಗಳು. ಒಂದರಲ್ಲಿ ಹಣಕ್ಕೆ ಕೋಣೆ, ಇನ್ನೊಂದರಲ್ಲಿ ಪುಣ್ಯಕ್ಕೆ ಕೋಣೆ.

ಇವೆರಡರ ನಡುವೆ ಮೂರನೆಯದೊಂದನ್ನು ತಂದವರು ದಕ್ಷಿಣ ಕನ್ನಡದ ಅಡಿಗೆಯವರು. 'ಹೋಟಲು' ಎಂಬ ಶಬ್ದ ಇಂಗ್ಲಿಷಿನಲ್ಲಿ ತಂಗುವ ಮನೆಗೆ ಹೆಸರು. ಕನ್ನಡದಲ್ಲಿ ಅದು ತಿನ್ನುವ ಮನೆಗೆ ಹೆಸರಾಗಿ ನಿಂತಿದೆ. ತಂಗುವುದನ್ನು ಹೇಳಬೇಕಾದರೆ ನಾವು 'ಲಾಡ್ಜು' ಎಂಬ ಇನ್ನೊಂದು ಶಬ್ದವನ್ನು ಹುಡುಕಬೇಕಾಗುತ್ತದೆ. ಇದನ್ನು ಬರಿಯ ಅಪಪ್ರಯೋಗವೆಂದು ಪಂಡಿತರು ತಳ್ಳಿಹಾಕಬಹುದು. ಆದರೆ ಶಬ್ದವು ಇತಿಹಾಸವನ್ನು ಸರಿಯಾಗಿಯೇ ಹೇಳುತ್ತಿದೆ. ನಮ್ಮಲ್ಲಿ ಮೊದಲು ಬಂದದ್ದು ಬೇಯಿಸಿದ ಅನ್ನವನ್ನು ಮಾರುವ ಅಂಗಡಿ. ಮೇಲಣ ಅಂತಸ್ತಿನ ಕೋಣೆಗಳು ಆಮೇಲೆ ಬಂದುವು. ಅನ್ನವನ್ನು ಮಾರುವುದೆಂದರೆ ಹಿಂದಿನವರಿಗೆ ಅಸಹ್ಯವಾಗಿತ್ತು. ಬೇರೆಯವರ ಕೈಯಡಿಗೆಯನ್ನು ಗುರುತಿಲ್ಲದವರ ಪಕ್ಕದಲ್ಲಿ ಕುಳಿತು ತಿನ್ನುವುದು ಇನ್ನೂ ಅಸಹ್ಯ. ಮನೆಯಲ್ಲಿ ಹಿರಿಯರಿಗೆ ತಿಳಿಯದಂತೆ ಹೋಟಲಿಗೆ ಹೋಗಿಬರುತ್ತಿದ್ದ ವಿದ್ಯಾರ್ಥಿಗಳ ತಲೆಮಾರೊಂದು ನಮ್ಮ ಊರುಗಳಲ್ಲಿ ಇದ್ದಿತು. ಈ ಅಳುಕನ್ನು ಕಳೆಯದೆ ಹೋಟಲು ನಿಲ್ಲುವಂತಿರಲಿಲ್ಲ.

ಅಳುಕನ್ನು ಕಳೆದದ್ದು ಹೇಗೆ? ಹೆಸರಿನಿಂದ. ಉಡುಪಿಯೆಂದರೆ ಶ್ರೀಕೃಷ್ಣನ ಕ್ಷೇತ್ರ, ಅಷ್ಟಮಠಗಳ ಪಾಕಶಾಲೆ. ಆ ಕಡೆಯ ಬ್ರಾಹ್ಮಣರ ಅಡಿಗೆಯೆಂದರೆ ಮಡಿಗೆ ಭಂಗವಿಲ್ಲ. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಅಂಗಡಿಗೆ ಇಟ್ಟ ಹೆಸರು 'ಬ್ರಾಹ್ಮಣರ ಕಾಫಿ ಕ್ಲಬ್'. ಅದೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರು ಬದಲಾಯಿಸಿಕೊಂಡು, 1960ರಲ್ಲಿ ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂತು. ಅಲ್ಲಿಯ ಯಜ್ಞನಾರಾಯಣ ಮಯ್ಯರವರು 1951ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿನ ಹೋಟಲುಗಳ ಶುಚಿತ್ವದ ಕ್ರಮವನ್ನು ಕಣ್ಣಾರೆ ಕಂಡು ಬಂದವರು. ಗಿರಾಕಿಗಳು ಅಡಿಗೆಮನೆಯನ್ನು ನೋಡಿಕೊಂಡೇ ಒಳಗೆ ಹೋಗುವ ಏರ್ಪಾಡು ಅಲ್ಲಿ ಪ್ರಸಿದ್ಧವಾಯಿತು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಿಂದ ಇಡ್ಲಿ ಮಾಡಿದ ಖ್ಯಾತಿಯೂ ಆ ಮನೆಯದೇ. ಈ ಸಂಗತಿಗಳನ್ನು ಹೇಳಿದ್ದು ತಿಂಡಿಯ ಆಸೆ ಹುಟ್ಟಿಸುವುದಕ್ಕಲ್ಲ. ಒಂದೇ ಅಂಗಡಿಯ ಬಾಳಿನಲ್ಲಿ 'ಶುದ್ಧಿ' ಎಂಬ ಮಾತಿನ ಅರ್ಥ ಹೇಗೆ ತಿರುಗಿತು ನೋಡಿರಿ. ಮೊದಲು ಶುದ್ಧಿಯೆಂದರೆ ಅಡಿಗೆಯವನ ಜಾತಿ. ಅದನ್ನು ಫಲಕದ ಮೇಲೆ ಬರೆದರೆ ಸಾಕಾಗಿತ್ತು. ಆಮೇಲೆ ಶುದ್ಧಿಯೆಂದರೆ ತೊಳೆದ ಪಾತ್ರೆ, ಕಾಯಿಸಿದ ನೀರು. ಅದನ್ನು ಬರೆದರೆ ಸಾಲದು, ಅಡಿಗೆಮನೆಯ ಬಾಗಿಲನ್ನೇ ತೆರೆದು ತೋರಿಸಬೇಕಾಯಿತು. ನನ್ನ ಅಭಿಪ್ರಾಯದಲ್ಲಿ, ಹೋಟಲಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆಯಿಲ್ಲ.

ಗಾಂಧಿಬಜಾರಿನ ವಿದ್ಯಾರ್ಥಿಭವನ 1943ರದು. ಹೆಸರೇ ಹೇಳುವಂತೆ ಸುತ್ತಲಿನ ವಿದ್ಯಾರ್ಥಿಗಳನ್ನು ನೆಚ್ಚಿಕೊಂಡು ಹುಟ್ಟಿದ್ದು. ಮದರಾಸಿಗೆ ಹೋದ ಕನ್ನಡಿಗನು ಊಟಕ್ಕೂ ಬಿಡಾರಕ್ಕೂ ಒಂದೇ ಕಡೆ ಅನುಕೂಲ ಪಡೆಯುವಂತೆ ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸನ್ನು ತೆರೆದರು. ಇವರೂ ಉಡುಪಿಯ ಕಡೆಯವರೇ. ಹುಬ್ಬಳ್ಳಿ ಧಾರವಾಡಗಳಲ್ಲಿ ಖಾನಾವಳಿಗಳು ಜೋಳದ ರೊಟ್ಟಿಯಿಂದ ಇದೇ ಕೆಲಸವನ್ನು ನಡೆಸಿದುವು. ಹೆಂಗಸರ ವಿಷಯ ಮಾತ್ರ ಬೇರೆಯಾಗಿಯೇ ಉಳಿಯಿತು. ಗಂಡಸಿನ ಜೊತೆಯಿದ್ದರೆ 'ಫ್ಯಾಮಿಲಿ ರೂಮು' ಎಂಬ ಪರದೆಯ ಮರೆ. ಒಬ್ಬಳೇ ಬಂದರೆ ಬಿಡಾರ ಸಿಕ್ಕುವುದು ಕಷ್ಟವೇ.

ಹೀಗೆ ಪೇಟೆಯ ಮನುಷ್ಯನಿಗೆ ಆಯ್ಕೆ ದೊರೆಯಿತು. ಆದರೆ ಯಾವ ಫಲಕವು ಒಬ್ಬನ ಅಳುಕನ್ನು ಕಳೆಯಿತೋ ಅದೇ ಫಲಕವು ಮತ್ತೊಬ್ಬನನ್ನು ಬಾಗಿಲಲ್ಲಿ ತಡೆಯಿತು. ಆ ಕಾಲದ ಅನೇಕ ಹೋಟಲುಗಳಲ್ಲಿ ಬ್ರಾಹ್ಮಣರಿಗೆ ಒಳಗೆ ಬೇರೆ ಪಂಕ್ತಿ, ಇತರರಿಗೆ ಹೊರಗೆ ಬೇರೆ ಸ್ಥಳ. ರೈಲ್ವೆ ಸ್ಟೇಷನ್ನುಗಳಲ್ಲಿ ಹಿಂದುವಿನ ನೀರು, ಮುಸಲ್ಮಾನನ ನೀರು ಎಂದು ಎರಡು ಕೊಡಗಳು. ಅಸ್ಪೃಶ್ಯನೆನಿಸಿಕೊಂಡವನಿಗೆ ಒಳಗೂ ಇಲ್ಲ, ಹೊರಗೂ ಇಲ್ಲ. ಅವನ ಕೈಯಲ್ಲಿ ಹಣವಿದ್ದರೂ ಹಣಕ್ಕೆ ಬೆಲೆಯಿಲ್ಲ. ಛತ್ರದ ಕಾಲದಲ್ಲಿ ಪುಣ್ಯವು ಮಾಡಿದ ವಿಂಗಡಣೆಯನ್ನು ಹೋಟಲಿನ ಕಾಲದಲ್ಲಿ ವ್ಯಾಪಾರವು ಮುಂದುವರಿಸಿತು.

ಅವನ ಪಾಡು ಹೇಗಿತ್ತೆಂಬುದನ್ನು ಅನುಭವಿಸಿದವರೇ ಬರೆದಿಟ್ಟ ಲೇಖನವೊಂದಿದೆ. ಆದರೆ ಅದು ನಡೆದದ್ದು ಬೆಂಗಳೂರಿನಲ್ಲಲ್ಲ, ಬರೋಡೆಯಲ್ಲಿ. ಮೈಸೂರಿನಂತೆಯೇ ಬರೋಡೆಯೂ ಮುಂದುವರಿದ ಸಂಸ್ಥಾನವೆಂದು ಹೆಸರುಗೊಂಡಿತ್ತು. ಮಹಾರಾಜ ಸಯಾಜಿರಾವ್ ಗಾಯಕವಾಡರು 1913ರಲ್ಲಿ ಭೀಮರಾವ್ ಅಂಬೇಡ್ಕರ್ ಎಂಬ ಮಹಾರ್ ಜಾತಿಯ ತರುಣನಿಗೆ ವಿದ್ಯಾರ್ಥಿವೇತನ ಕೊಟ್ಟು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಅಲ್ಲಿಯೂ ಲಂಡನ್ನಿನಲ್ಲಿಯೂ ಓದಿ, ವೇತನದ ಅವಧಿ ಮುಗಿದ ಮೇಲೆ, ಒಪ್ಪಂದದಂತೆ ಸಂಸ್ಥಾನದ ಸೇವೆಗಾಗಿ 1917ರಲ್ಲಿ ಅವರು ಬರೋಡೆಯ ಸ್ಟೇಷನ್ನಿನಲ್ಲಿ ಇಳಿದರು. ವಿದ್ಯೆಯಿದೆ, ಕೈಯಲ್ಲಿ ಹಣವಿದೆ, ಸರ್ಕಾರದ ಹುದ್ದೆಯಿದೆ. ಎಲ್ಲಿ ಇಳಿದುಕೊಳ್ಳುವುದೆಂಬುದು ಮಾತ್ರ ತಿಳಿಯದು. ಆ ಊರಿನಲ್ಲಿ 'ವಿಶಿ' ಎಂದು ಕರೆಯುವ ಹಿಂದೂ ಹೋಟಲುಗಳಿದ್ದವು. ಜಾತಿ ಮರೆಸಿದರಲ್ಲದೆ ಅಲ್ಲಿ ಪ್ರವೇಶವಿಲ್ಲ, ಮರೆಸಿ ಸಿಕ್ಕಿಬಿದ್ದರೆ ಗತಿಯೇನು? ಬಾಡಿಗೆ ಬಂಡಿಯವನನ್ನು ವಿಚಾರಿಸಲು, ಪಾರ್ಸಿಯೊಬ್ಬನು ನಡೆಸುವ ವಸತಿಗೃಹವೊಂದು ಇದೆಯೆಂದು ತಿಳಿಯಿತು. ಪಾರ್ಸಿಗಳ ಧರ್ಮದಲ್ಲಿ ಅಸ್ಪೃಶ್ಯತೆಯಿಲ್ಲವೆಂಬ ಧೈರ್ಯದಿಂದ ಅವರು ಅಲ್ಲಿಗೆ ಹೋದರು.

ಮೇಲ್ವಿಚಾರಕನು ಮೇಲಂತಸ್ತಿಗೆ ಕರೆದುಕೊಂಡು ಹೋದನು. ಅಂಬೇಡ್ಕರರು ಕೋಟು ಕಳಚಿದಾಗ, ಪಾರ್ಸಿಗಳು ಮೈಮೇಲೆ ಧರಿಸುವ ಸದರಾ ಅಂಗಿಯೂ ಕಸ್ತಿ ದಾರವೂ ಇಲ್ಲದ್ದನ್ನು ಕಂಡು, ನೀವು ಯಾರೆಂದು ಕೇಳಿದನು. ಹಿಂದುವೆಂದು ಉತ್ತರ ಬಂತು. ಈ ಮನೆಯು ಪಾರ್ಸಿಗಳಿಗೆ ಮಾತ್ರ ಮೀಸಲು. ಆದರೆ ಬೇರೆ ಅತಿಥಿಗಳಿಲ್ಲದೆ ಮನೆ ಬಣಗುಡುತ್ತಿದ್ದುದರಿಂದ ಮೇಲ್ವಿಚಾರಕನಿಗೂ ಸಂಪಾದನೆ ಬೇಕಾಗಿತ್ತು. ಕೊನೆಗೆ ದಿನಕ್ಕೆ ಒಂದೂವರೆ ರೂಪಾಯಿಗೆ ಊಟ ವಸತಿ ಎಂದು ಗೊತ್ತಾಗಿ, ಪುಸ್ತಕದಲ್ಲಿ ಪಾರ್ಸಿಯ ಹೆಸರೊಂದನ್ನು ಬರೆದದ್ದಾಯಿತು. ಮಲಗಲು ಚಿಕ್ಕ ಕೋಣೆ. ಅದರ ಪಕ್ಕಕ್ಕೆ ನಲ್ಲಿಯಿರುವ ಸ್ನಾನದ ಮನೆ. ಉಳಿದ ವಿಶಾಲವಾದ ಹಜಾರದ ತುಂಬ ಮುರುಕು ಸಾಮಾನು. ವಿದ್ಯುದ್ದೀಪವಿಲ್ಲ. ಹಗಲೆಲ್ಲ ಅಕೌಂಟೆಂಟ್ ಜನರಲ್ಲರ ಕಚೇರಿಯಲ್ಲಿ ಕೆಲಸ. ರಾತ್ರಿ ಲಾಂದ್ರದ ಬೆಳಕಿನಲ್ಲಿ, ಮಾತನಾಡುವವರಿಲ್ಲದೆ, ಪುಸ್ತಕದ ಮುಂದೆ ಕುಳಿತಿರುವುದು.

ಹನ್ನೊಂದನೆಯ ದಿನ ಬೆಳಿಗ್ಗೆ ಕಚೇರಿಗೆ ಹೊರಡುವಷ್ಟರಲ್ಲಿ ಹನ್ನೆರಡು ಮಂದಿ ಪಾರ್ಸಿಗಳು ದೊಣ್ಣೆ ಹಿಡಿದು ಮೆಟ್ಟಲೇರಿ ಬಂದರು. ಪಾರ್ಸಿಯ ಹೆಸರನ್ನು ಏಕೆ ಇಟ್ಟುಕೊಂಡೆ, ನಮ್ಮ ಮನೆಯನ್ನು ಏಕೆ ಮೈಲಿಗೆ ಮಾಡಿದೆ ಎಂದು ಗದರಿಸಿ, ಸಂಜೆಯೊಳಗಾಗಿ ಖಾಲಿ ಮಾಡಬೇಕೆಂದು ಹೇಳಿ ಹೋದರು. ಸರ್ಕಾರದ ಬಂಗಲೆಗೆ ಹಾಕಿದ ಅರ್ಜಿ ತೀರ್ಮಾನವಾಗಿರಲಿಲ್ಲ. ಪರಿಚಯದವರು ಇಬ್ಬರು, ಒಬ್ಬ ಹಿಂದೂ, ಒಬ್ಬ ಕ್ರೈಸ್ತ, ಇಬ್ಬರಲ್ಲಿಯೂ ಕೇಳಿದ್ದಾಯಿತು. ನೀವು ಬಂದರೆ ಆಳುಗಳು ಬಿಟ್ಟು ಹೋಗುವರೆಂದು ಒಬ್ಬನು, ಹೆಂಡತಿಯನ್ನು ಕೇಳಬೇಕೆಂದು ಇನ್ನೊಬ್ಬನು. ಬೊಂಬಾಯಿಗೆ ಹೋಗುವ ಗಾಡಿ ರಾತ್ರಿ ಒಂಬತ್ತಕ್ಕೆ. ಅಲ್ಲಿಯವರೆಗೆ ಸುಮಾರು ಐದು ಗಂಟೆಗಳ ಕಾಲವನ್ನು ಅವರು ಕಾಮಾಠಿಬಾಗ್ ಎಂಬ ಸಾರ್ವಜನಿಕ ಉದ್ಯಾನದಲ್ಲಿ ಕುಳಿತು ಕಳೆದರು. ಸುಮಾರು ಹದಿನೆಂಟು ವರ್ಷಗಳ ಮೇಲೆ 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಇದನ್ನು ಬರೆಯುವಾಗಲೂ ಅವರ ಕಣ್ಣು ಹನಿಗೂಡಿತೆಂದು ತಿಳಿಯುತ್ತದೆ. ಸಯಾಜಿರಾಯರಂಥ ರಾಜರ ಕೃಪೆಯಿದ್ದೂ ಒಂದು ಕೋಣೆ ದೊರೆಯಲಿಲ್ಲವೆಂಬುದನ್ನು ನಾವು, ಒಳ್ಳೆಯ ಸಂಸ್ಥಾನದವರೆಂದು ಬೀಗುವವರು, ಗಮನಿಸಬೇಕು. ಅರಸನು ವಿದ್ಯೆಯನ್ನು ದಾನ ಮಾಡಬಲ್ಲನು. ಊರಿನ ಬಾಗಿಲುಗಳ ಬೀಗದ ಕೈ ಅವನ ಹತ್ತಿರ ಇರಲಿಲ್ಲ.

ಮುಂದೆ ಭಾರತದ ಸಂವಿಧಾನವನ್ನು ಬರೆಯುವ ಕರಡು ಸಮಿತಿಗೆ ಅವರೇ ಅಧ್ಯಕ್ಷರಾದರು. ಮೂಲಭೂತ ಹಕ್ಕುಗಳ ಅಧ್ಯಾಯದಲ್ಲಿ ಮತಸ್ವಾತಂತ್ರ್ಯ, ವಾಕ್‌ಸ್ವಾತಂತ್ರ್ಯ ಇವೇ ಮೊದಲಾದ ಘನವಾದ ಶಬ್ದಗಳ ನಡುವೆ ಒಂದು ಸಾಧಾರಣವಾದ ಪಟ್ಟಿಯಿದೆ. ಹದಿನೈದನೆಯ ವಿಧಿಯ ಎರಡನೆಯ ಖಂಡ: ಅಂಗಡಿಗಳು, ಸಾರ್ವಜನಿಕ ಭೋಜನಶಾಲೆಗಳು, ಹೋಟಲುಗಳು, ವಿನೋದಸ್ಥಳಗಳು, ಜೊತೆಗೆ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ಇವುಗಳಲ್ಲಿ ಧರ್ಮ, ಜಾತಿ, ಲಿಂಗ ಮುಂತಾದ ಕಾರಣದಿಂದ ಯಾರನ್ನೂ ತಡೆಯಕೂಡದು. ದೇಶದ ಮೂಲಶಾಸನದಲ್ಲಿ ಕಾಫಿ ಹೋಟಲಿಗೆ ಏನು ಕೆಲಸವೆಂದು ಹೊರದೇಶದವರು ಬೆರಗಾಗಬಹುದು. ನಮ್ಮ ಪೇಟೆಗಳ ಇತಿಹಾಸವನ್ನು ಬಲ್ಲವರು ಬೆರಗಾಗರು. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಇದರ ಚರ್ಚೆ ನಡೆದಾಗ, 'ಅಂಗಡಿ' ಎಂಬುದನ್ನು ವಿಶಾಲವಾದ ಅರ್ಥದಲ್ಲಿ, ಹಣ ತೆಗೆದುಕೊಂಡು ಸೇವೆ ಒದಗಿಸುವ ಸ್ಥಳವೆಂದು ತಿಳಿಯಬೇಕೆಂದು ಅಂಬೇಡ್ಕರರು ವಿವರಿಸಿದರು. 1950ರ ಜನವರಿ 26ರಿಂದ ಇದು ಮೈಸೂರಿಗೂ ಅನ್ವಯಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ತಡೆದವನಿಗೆ ಶಿಕ್ಷೆಯನ್ನೂ ವಿಧಿಸಿತು.

ಕಾಯಿದೆ ಬಂದ ಮಾತ್ರಕ್ಕೆ ಫಲಕಗಳು ಕಳಚಿ ಬೀಳಲಿಲ್ಲ. ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಹೋಟಲೊಂದರ ಫಲಕದಲ್ಲಿದ್ದ 'ಬ್ರಾಹ್ಮಣ' ಎಂಬ ಶಬ್ದವನ್ನು ತೆಗೆಸಲು 1957ರಲ್ಲಿ ಪೆರಿಯಾರರ ಕಡೆಯವರು ತಿಂಗಳುಗಟ್ಟಲೆ ಚಳವಳಿ ಹೂಡಬೇಕಾಯಿತು. ಕೆಲವು ಕಡೆ ಹಳೆಯ ಹೆಸರು ಬರಿಯ ಹೆಸರಾಗಿ ಈಗಲೂ ಉಳಿದಿದೆ, ಬಾಗಿಲಲ್ಲಿ ಕೇಳುವವರಿಲ್ಲ. ಹಳ್ಳಿಗಾಡಿನ ಚಹದ ಅಂಗಡಿಗಳಲ್ಲಿ ಪ್ರತ್ಯೇಕ ಲೋಟದ ಸುದ್ದಿ ಮಾತ್ರ ಆಗಾಗ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಪೇಟೆಯ ಜನಸಂದಣಿಯು ಬೇಗನೆ ಸಾಧಿಸಿದ್ದನ್ನು, ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರು ಅಷ್ಟು ಬೇಗನೆ ಸಾಧಿಸುವುದಿಲ್ಲ.

ತೋಟದಪ್ಪನವರ ಛತ್ರ ಸ್ಟೇಷನ್ನಿನ ಬಳಿ ಇನ್ನೂ ಇದೆ. ಬರೋಡೆಯ ಕಾಮಾಠಿಬಾಗಿಗೆ ಈಗ ಸಯಾಜಿಬಾಗ್ ಎಂದು ಹೆಸರು. 1917ರ ಸೆಪ್ಟೆಂಬರ್ 23ರಂದು ಅಂಬೇಡ್ಕರರು ಕುಳಿತಿದ್ದರೆಂದು ಹೇಳುವ ಆಲದ ಮರದ ಸ್ಥಳಕ್ಕೆ ಸಂಕಲ್ಪಭೂಮಿಯೆಂದು ಕರೆಯುತ್ತಾರೆ. ಪ್ರತಿ ವರ್ಷ ಆ ದಿನ ಅಲ್ಲಿ ಜನ ಸೇರುತ್ತಾರೆ. ಉದ್ಯಾನವು ರೈಲ್ವೆ ಸ್ಟೇಷನ್ನಿಗೆ ದೂರವಲ್ಲ. ಆ ಊರಿಗೆ ಹೋಗಿ ಸ್ಟೇಷನ್ನಿನ ಹತ್ತಿರ ಹೋಟಲು ಹಿಡಿಯುವವರು ಬೆಳಗಿನ ಕಾಫಿಯ ತರುವಾಯ ನಡೆದುಕೊಂಡೇ ಹೋಗಿಬರಬಹುದು.